ಎಲ್ಲಾರೂ ಅಂದ್ರ ಯಾರ್ಯಾರು

೪ ಆಗಸ್ಟ್ ೨೦೨೪, ರವಿವಾರ

ವಾಡಿಯಲ್ಲಿ ಆರಾಧನೆ ಮುಗಿಸಿ, ಪ್ಯಾಸೆಂಜರ್ ರೈಲು ಹಿಡಿದು ಮಧ್ಯಾಹ್ನ ಶಹಾಬಾದಿಗೆ ವಾಪಸು. ಎಂದಿನಂತೆ ವೇದಪುಸ್ತಕವನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆ ಹೊಕ್ಕೆ. ಅವ್ವ ನೋಡಿಯೂ ನೋಡದಂತೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಮಂಚದ ಮೇಲೆ, ಮೂಗಿಗೆ ಆಕ್ಸಿಜನ್ ನಳಿಗೆ. ಇಪ್ಪತ್ತಾರು ವರ್ಷ ಫರ್ಸಿ ಕಲ್ಲು ಪಾಲಿಶ್ ಮಾಡಿದ ಧೂಳು ಎದೆಯಲ್ಲಿ ಗಟ್ಟಿಯಾಗಿದೆ. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಹತ್ತು ದಿನ.

"ಏನಂದ ಇವತ್ತ ನಿಮ್ಮ ಪಾಸ್ಟರ್?"

ದೀಕ್ಷಾಸ್ನಾನವಾಗಿ ಒಂದು ವರ್ಷ. ಅಪ್ಪ ಕೇಳಿದ್ದು ಇದೇ ಮೊದಲು. ಒಂದೇ ಉಸಿರಿಗೆ ಹೇಳಿಬಿಟ್ಟೆ — ನಂಬಿದರೆ ಸಾಕು, ಬಾಯಿಬಿಟ್ಟು ಒಪ್ಪಿಕೊಂಡರೆ ಸಾಕು, ರಕ್ಷಣೆ ಎಲ್ಲರಿಗೂ ಇದೆ.

"ಎಲ್ಲಾರೂ ಅಂದ್ರ ಯಾರ್ಯಾರು?"

ಉತ್ತರ ಗೊತ್ತಿತ್ತು. ಹೇಳುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು.

೬ ಆಗಸ್ಟ್, ಬೆಳಗ್ಗೆ

ನಮ್ಮದು ಬುದ್ಧವಂದನೆ ಹೇಳುವ ಮನೆ. ನಾನೊಬ್ಬಳೇ ಆಚೆ ಹೋದವಳು. ವಾಡಿಯ ಆ ಪ್ರಾರ್ಥನಾ ಹಾಲ್‌ನಲ್ಲಿ ಯಾರೋ ನನ್ನ ಹೆಸರು ಹಿಡಿದು ಪ್ರಾರ್ಥಿಸಿದ್ದರು. ಕರುಣಾ ಎಂದು. ಅಷ್ಟಕ್ಕೇ ಹೋದೆ. ಕಾಲೇಜಿನ ಐದು ವರ್ಷ ಹಾಜರಿ ಕೂಗಿದ್ದು ಬಿಟ್ಟರೆ ನನ್ನ ಹೆಸರನ್ನು ಅಷ್ಟು ಜೋರಾಗಿ ಯಾರೂ ಕರೆದಿರಲಿಲ್ಲ.

ಈಗ ಅಪ್ಪ. ಅವನು ನಂಬದೆ ಹೋದರೆ ಸತ್ತ ಮೇಲೆ ಅವನನ್ನು ಮುಂದೆಂದೂ ಕಾಣಲಾರೆ. ಹಾಗೆಂದು ಕಲಿತಿದ್ದೇನೆ.

ಪಕ್ಕದ ಮನೆಯ ಮಾಶಾಬಿ ಗಂಜಿ ತಂದಿದ್ದರು. ಅಪ್ಪ ಶುರು ಮಾಡಿದ.

"ಮಾಶಾಬಿ, ನಿಮ್ಮ ಜನ್ನತ್‌ನಾಗ ನನಗೊಂದು ಜಾಗಾ ಹಿಡೀರಿ. ನನ್ನ ಮಗಳ ಕಡಿ ಅರ್ಜಿ ಭಾಳ ದೊಡ್ಡದದ."

"ನಂದೇ ಗ್ಯಾರಂಟಿ ಇಲ್ಲ ದಶರಥಣ್ಣ, ನಿಂದೆಲ್ಲಿ ಹಿಡೀಲಿ? ಸುಮ್ಮನ ಗಂಜಿ ಕುಡಿ."

ಅವರಿಬ್ಬರೂ ನಕ್ಕರು. ನಾನು ಹಿತ್ತಲಿಗೆ ಹೋದೆ.

೯ ಆಗಸ್ಟ್

ಇವತ್ತು ಧೈರ್ಯ ಮಾಡಿ ಕೇಳಿದೆ. ಒಂದು ಸಲ ಹೂಂ ಅನ್ನು ಅಪ್ಪಾ. ನನಗಾಗಿ.

ಅಪ್ಪ ಹೇಳತೊಡಗಿದ, ನಡುನಡುವೆ ಉಸಿರಿಗೆ ನಿಲ್ಲುತ್ತ —

"ನಾ ಏಳು ವರ್ಷದವ. ಐನಾಪುರದಾಗ ಗೌಡರ ಮನ್ಯಾಗ ಮದಿವಿ. ಡಂಗುರ ಹೊಡ್ದಾಂವ ಯಾರು? ನಮ್ಮಪ್ಪನೇ. ‘ಎಲ್ಲಾರೂ ಊಟಕ್ಕ ಬರ್ರೆಪ್ಪೋ’ ಅಂತ ಓಣಿ ಓಣಿ ಒದರಿ ಬಂದ. ನಮ್ಮಪ್ಪನೇ ಎಲ್ಲಾರೂ ಅಂದಾನಲ್ಲ ಅಂತ ನಾ ಹೋಗಿ ಪಂಕ್ತ್ಯಾಗ ಕುಂತೆ."

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳಿಗೂ ಗೊತ್ತಿರಲಿಲ್ಲ.

"ಎಬ್ಬಿಸಿದ್ರು. ಬಡೀಲಿಲ್ಲ, ನಕ್ಕರು. ಬಡದಿದ್ರ ಮರೀತಿದ್ದೆ. ನಮ್ಮವ್ವ ಹೊರಗ ಬುಟ್ಟಿ ಹಿಡ್ಕೊಂಡು ಕುಂತಿದ್ಳು, ಎಲ್ಲಾರದೂ ಮುಗೀಲಿ ಅಂತ. ಕೈ ಹಿಡ್ದು ಬಾಜೂಕ ಕುಂದ್ರಿಸ್ಕೊಂಡ್ಳು."

ನಳಿಗೆ ಸರಿಮಾಡಿದೆ. ಕೈ ತಳ್ಳಿದ.

"ನಮ್ಮವ್ವ, ನಿಮ್ಮಾಯಿ, ನಿನ್ನ ಯೇಸುನ ಹೆಸರೇ ಕೇಳ್ದೆ ಸತ್ಳು. ಆಕಿ ಒಳಗ ಅದಾಳೇನು, ಕೇಳ್ಕೊಂಡು ಬಾ. ಇದ್ರ ನಾ ಬರ್ತೀನಿ. ಇಲ್ಲಂದ್ರ ಆಕಿ ಬಾಜೂಕ ನನ್ನ ಜಾಗಾ ಅದ."

೧೨ ಆಗಸ್ಟ್, ಸೋಮವಾರ

ವಾಡಿಗೆ ಹೋದೆ. ರೈಲಿನಲ್ಲಿ ಅಪ್ಪನ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡೆ. ಪಾಸ್ಟರ್ ಸುರೇಶಕುಮಾರ ಹಾಲ್‌ನ ಮುಂದೆ ಸ್ಕೂಟರಿನ ಪ್ಲಗ್ ಒರೆಸುತ್ತಿದ್ದರು. ಬಾಯಿಪಾಠ ಮರೆತು ಅಡ್ಡಾದಿಡ್ಡಿ ಕೇಳಿದೆ.

"ದೇವರು ಎಲ್ಲಾರನ್ನೂ ಕರ್ದಾನ, ಸಿಸ್ಟರ್. ಬಂದೋರು ಉಳೀತಾರ."

"ಕರ್ದಿದ್ದೇ ಕೇಳಿಸ್ದೆ ಇದ್ದೋರು?"

ಪ್ಲಗ್ ಊದಿದರು. ಮತ್ತೆ ಒರೆಸಿದರು.

"ನಾ ಕಲ್ತ ಪ್ರಕಾರ... ಇಲ್ಲ."

"ನಿಮ್ಮ ಮನಸ್ಸಿನ ಪ್ರಕಾರ?" ಇದನ್ನು ಕೇಳಿದ್ದು ನಾನೇ. ಈಗಲೂ ನಂಬಲಾಗುತ್ತಿಲ್ಲ.

"ಮನಸ್ಸಿನ ಮಾತು ಕೇಳಿದ್ರ ರವಿವಾರ ಎದ್ದು ನಿಂತು ಮಾತಾಡ್ಲಿಕ್ಕಿ ಆಗಂಗಿಲ್ಲವ್ವ." ಸಿಸ್ಟರ್ ಹೋಗಿ ಅವ್ವ ಆಗಿದ್ದೆ. "ಟೈಮ್ ಭಾಳ ಇಲ್ಲ. ನಿಮ್ಮಪ್ಪ ತಲಿ ಅಲ್ಲಾಡಿಸಿದ್ರೂ ನಡೀತದ. ಬರ್ರಿ ಅನ್ನು, ನಾನೇ ಬರ್ತೀನಿ."

ಅಪ್ಪನಿಗೆ ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ.

೧೩ ಆಗಸ್ಟ್

ಎಲ್ಲರೂ ಉಳಿಯಲಿ ಎಂಬುದು ದೇವರ ಇಷ್ಟ ಎಂದು ಪಾಸ್ಟರೇ ಬೋಧಿಸಿದ್ದಾರೆ, ನೋಟ್ಸಿನಲ್ಲಿದೆ. ಉಳಿಯಲಿ. ಬರಲಿ, ಆಗಲಿ, ಹಾಳಾಗಲಿ. ವ್ಯಾಕರಣದ ಸರ್ ಹೇಳುತ್ತಿದ್ದರು — ಹಾರೈಕೆಗೂ ಅಪ್ಪಣೆಗೂ ಶಾಪಕ್ಕೂ ನಮ್ಮಲ್ಲಿ ಒಂದೇ ರೂಪ, ಆಡಿದವರು ಯಾರು ಎಂಬುದರ ಮೇಲೆ ಅರ್ಥ.

ಆಡಿದವನು ದೇವರು. ಲೋಕ ಆಗಲಿ ಎಂದಾಗ ಆಯಿತು. ಎಲ್ಲರೂ ಉಳಿಯಲಿ ಎಂದಾಗ ಮಾತ್ರ ಯಾಕೆ ಬರೀ ಹಾರೈಕೆ? ಅವನ ಮಾತನ್ನು ನಡುವೆ ತಡೆದವರು ಯಾರು?

ಕನ್ನಡ ಎಂ.ಎ. ಓದಿ ಇಷ್ಟೇ. ‘ಅಲಿ’ ಎಂಬ ಒಂದು ಪ್ರತ್ಯಯ ಹಿಡಿದುಕೊಂಡು ಜೋತಾಡುತ್ತಿದ್ದೇನೆ.

೨೧ ಆಗಸ್ಟ್

ಎಂಟು ದಿನ ಬರೆಯಲಾಗಲಿಲ್ಲ. ಎರಡು ಸಲ ಕರೆಂಟ್ ಹೋಗಿ ಆಕ್ಸಿಜನ್ ಮಷೀನು ನಿಂತಿತು, ಸಿಲಿಂಡರ್ ಬಂದದ್ದು ನಲವತ್ತು ನಿಮಿಷದ ಮೇಲೆ. ಅಪ್ಪನ ಉಗುರು ನೀಲಿ. ಊಟ ಬಿಟ್ಟಿದ್ದಾನೆ. ನಾಳೆ ಬನ್ನಿ ಎಂದು ಪಾಸ್ಟರ್‌ಗೆ ಫೋನ್ ಮಾಡಿದೆ.

ಸಂಜೆ ಅಪ್ಪನೇ ಕೇಳಿದ. ಪಿಸುಮಾತು ಅಷ್ಟೇ. ಆಯಿ?

ಒಂದು ಸುಳ್ಳು ಸಾಕಿತ್ತು. ಸುಳ್ಳಿನಿಂದ ಉಳಿದರೂ ಉಳಿದಂತೆಯೇ ಅಲ್ಲವೇ? ಅಂದೆ:

"ಅದಾಳಪ್ಪಾ. ಒಳಗೇ ಅದಾಳ."

"ಪಾಸ್ಟರ್ ಅಂದನೇನು?"

ನಾನು ಅವನ ಹೊದಿಕೆ ಸರಿಮಾಡತೊಡಗಿದೆ. ಅವನ ಮುಖದಲ್ಲಿ ನಗುವಿನಂಥದ್ದು ಏನೋ ಬಂತು.

"ಸುಳ್ಳ ಹೇಳ್ಲಿಕ್ಕಿ ಬರಂಗಿಲ್ಲ ನಿನಗ, ಯವ್ವಾ. ಸಣ್ಣಾಕಿ ಇದ್ದಾಗಿಂದ."

ಕೈ ಎತ್ತಲು ನೋಡಿದ. ನಾನೇ ತಲೆ ಬಗ್ಗಿಸಿ ಅದರ ಕೆಳಗೆ ಇಟ್ಟೆ.

೨೨ ಆಗಸ್ಟ್, ಬೆಳಗ್ಗೆ ೧೧

ಪಾಸ್ಟರ್ ಬಂದು ಹೋದರು. ಮಂಚದ ಹತ್ತಿರ ಬಗ್ಗಿ ಮೂರು ಸಲ ಕೇಳಿದರು. ನಂಬ್ತೀರೇನ್ರಿ, ನಂಬ್ತೀರೇನು? ಅಪ್ಪನಿಗೆ ಎಚ್ಚರ ಇತ್ತು, ಪೂರ್ತಿ ಇತ್ತು. ನನ್ನನ್ನೇ ನೋಡುತ್ತಿದ್ದ. ತಲೆ ಅಲ್ಲಾಡಲಿಲ್ಲ.

"ಒಂಚೂರು ಅಲ್ಲಾಡಿದಂಗ ಆತಲ್ಲ?" ಎಂದರು ಪಾಸ್ಟರ್, ನನ್ನ ಕಡೆ ತಿರುಗಿ. ಅವರ ಕಣ್ಣು ಒದ್ದೆ. ನಾನು ಹೂಂ ಅಂದರೆ ಅವರೂ ಹೂಂ ಅನ್ನುವವರಿದ್ದರು.

"ಇಲ್ರಿ," ಎಂದೆ.

ಅವ್ವ ತಾನಾಗಿಯೇ ಅವರಿಗೆ ಚಹಾ ಕೊಟ್ಟಳು.

ಮಧ್ಯಾಹ್ನ ೩.೨೦

ಉಸಿರು ಎಣಿಸುವಂತಾಗಿದೆ. ಅವ್ವ ಕಾಲು ತಿಕ್ಕುತ್ತಿದ್ದಾಳೆ. ನಾನು ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರಿದೆ. ಅಪ್ಪನನ್ನು ಒಳಗೆ ಕರೆದುಕೋ ಎಂದು ಒಂದು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತು ಆ ಮಾತು ಬಾಯಿಗೆ ಬರಲಿಲ್ಲ. ಬೇರೆ ಬಂತು. ಬರೆದಿಡುತ್ತೇನೆ, ಆಮೇಲೆ ಹೆದರಿ ಅಂದಿಲ್ಲ ಎನ್ನಬಾರದು. ಅಂದದ್ದು ಇಷ್ಟು:

ಕರ್ತನೇ, ಅಪ್ಪ, ಆಯಿ ಇಬ್ಬರೂ ಹೊರಗೇ ಕೂರುವುದಾದರೆ ನನ್ನನ್ನೂ ಅವರ ಬಾಜೂಕ ಕೂರಿಸು.