ಮೇಷ್ಟ್ರ ಪಟ್ಟಿಯಲ್ಲಿಲ್ಲದ್ದು

ಮಗಳ ಮನೆ, ಎರಡನೇ ಮಹಡಿ
ಮಾರ್ಚ್ ೪, ಬುಧವಾರ

ಪ್ರೀತಿಯ ಮೇಷ್ಟ್ರೇ,

ಹೇಗಿದ್ದೀರಿ? ಸಕ್ಕರೆ ಪರೀಕ್ಷೆ ಮಾಡಿಸಿದಿರಾ, ಇಲ್ಲ ಕೇಳುವವರಿಲ್ಲವೆಂದು ಬಾಯಿಗೆ ಬಂದದ್ದೆಲ್ಲ ತಿನ್ನುತ್ತಿದ್ದೀರಾ? ಕಾಲ್ಬೆರಳಿನ ಗಾಯ ಒಣಗಿತೆ? ಆ ಹಾಳು ಚಪ್ಪಲಿ ಬಿಸಾಕಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಇಲ್ಲಿ ಎಲ್ಲರೂ ಕ್ಷೇಮ. ಮಗಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಮೊಮ್ಮಗಳು ಬೋರಲು ಬೀಳುತ್ತಾಳೆ, ನಕ್ಕರೆ ಮನೆಯೆಲ್ಲ ತುಂಬುತ್ತದೆ. ಮೂಗು ಮಾತ್ರ ನಿಮ್ಮದೇ, ಪಾಪ.

ನಿಮ್ಮ ಪಟ್ಟಿ ತಲುಪಿತು. ಬಾಣಂತನಕ್ಕೆಂದು ಹೋದ ಹೆಂಡತಿ ಏಳು ತಿಂಗಳಿಂದ ಪಕ್ಕದ ದೇಶದಲ್ಲಿದ್ದಾಳೆ, ಹದಿನೆಂಟನೇ ತಾರೀಖಿನ ಬಸ್ಸಿಗೆ ಊರಿಗೆ ಹೊರಡುವ ಮೊದಲು ಎರಡೂ ದೇಶಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಲಿ ಅಂತ ಗೆರೆ ಎಳೆದು ಕಳಿಸುವ ಗಂಡ ಈ ಭೂಮಿಯ ಮೇಲೆ ನೀವೊಬ್ಬರೇ ಇರಬೇಕು. ಭೂಗೋಳ ಪಾಠ ಮಾಡಿದ ಚಟ ನಿವೃತ್ತಿಯಾದರೂ ಬಿಡಲಿಲ್ಲ ನೋಡಿ. ಬದುಕಿನ ಮಟ್ಟದಲ್ಲಿ ನಮ್ಮ ದೇಶ ಇವರಿಗಿಂತ ಇಪ್ಪತ್ತು ಸ್ಥಾನ ಮುಂದಿದೆ ಎಂದು ಕ್ಷೌರದ ಅಂಗಡಿಯಲ್ಲಿ ಪಂಥ ಬೇರೆ ಕಟ್ಟಿದ್ದೀರಂತೆ.

ಗೆದ್ದಿರಿ ಬಿಡಿ. ಇಲ್ಲಿ ಕರೆಂಟು ದಿನಕ್ಕೆ ಮೂರು ಸಲ ಹೋಗುತ್ತದೆ, ನಮ್ಮಲ್ಲಿ ವಾರಕ್ಕೊಮ್ಮೆ ಹೋದರೂ ನೀವು ಅರ್ಜಿ ಬರೆಯುತ್ತೀರಿ. ನಲ್ಲಿ ನೀರು ಕುದಿಸದೆ ಬಾಯಿಗಿಡುವ ಹಾಗಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಏಳಕ್ಕೆ ಹೋದವರು ಮನೆ ಸೇರಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಅಳಿಯನ ಸಂಬಳ ಅಲ್ಲಿಯ ಗುಮಾಸ್ತನಿಗಿಂತ ಕಡಿಮೆ. ಶಾಲೆಯ ವಿಷಯದಲ್ಲಿ ಎರಡೂ ಅಷ್ಟಕ್ಕಷ್ಟೇ ಎಂದು ಕೆಳಗಿನ ಮನೆಯ ಟೀಚರಮ್ಮ ಹೇಳಿದರು, ಹಾಗೇ ಬರೆದಿದ್ದೇನೆ. ಹತ್ತು ಸಾಲಿನಲ್ಲಿ ಏಳು ನಮಗೆ, ಎರಡು ಇವರಿಗೆ, ಒಂದು ಸಮ. ಪಟ್ಟಿ ಇದರ ಜೊತೆಗಿದೆ, ಕ್ಷೌರಿಕನಿಗೆ ತೋರಿಸಿ ಮೀಸೆ ತಿರುವಿ.

ಆದರೆ ಕೆಳಗೆ ನಾನೇ ಒಂದು ಸಾಲು ಸೇರಿಸಿದ್ದೇನೆ: ನಡೆಯುವುದು. ಇವರಿಗೆ ಹತ್ತು, ನಮಗೆ ಸೊನ್ನೆ. ಹುಬ್ಬು ಗಂಟಿಕ್ಕಬೇಡಿ, ಪೂರ್ತಿ ಓದಿ. ಮೂರು ವರ್ಷದ ಹಿಂದೆ ನಮ್ಮ ಮನೆ ಮುಂದೆಯೇ ಮೋರಿಯ ಚಪ್ಪಡಿ ಮುರಿದು ನಾನು ಸೊಂಟ ಮುರಿದುಕೊಂಡೆನಲ್ಲ, ಅಂದಿನಿಂದ ನನ್ನ ಲೋಕ ಗೇಟಿನವರೆಗೆ. ನೀವು "ನಿನಗ್ಯಾಕೆ ತೊಂದ್ರೆ, ನಾನಿದ್ದೀನಲ್ಲ" ಅಂದಿರಿ. ಇದ್ದಿರಿ ಕೂಡ, ಇಲ್ಲವೆನ್ನುವುದಿಲ್ಲ. ಆದರೆ ರವಿಕೆಯ ಹುಕ್ಕು ಬೇಕಾದರೂ ಚೀಟಿ ಬರೆದು ಕೊಡಬೇಕು, ನೀವು ತರುವುದು ಯಾವತ್ತೂ ತಪ್ಪು ಅಳತೆಯದು. ಒಂದು ದಿನ ಆ ಹುಕ್ಕು ಹಿಡಿದುಕೊಂಡು ಬಚ್ಚಲಲ್ಲಿ ಕೂತು ಅತ್ತಿದ್ದೆ. ನಿಮಗೆ ಹೇಳಲಿಲ್ಲ.

ಇಲ್ಲಿ ಬಂದ ಹೊಸತರಲ್ಲಿ ಆದದ್ದು ಕೇಳಿ. ರಸ್ತೆಯಂಚಿನಲ್ಲಿ, ಜನ ದಾಟುವ ಬಿಳಿ ಪಟ್ಟೆಯ ಹತ್ತಿರ ನಿಂತಿದ್ದೆ, ಮಗಳು ಬಂದು ಕೈ ಹಿಡಿಯಲಿ ಎಂದು. ಬಸ್ಸೊಂದು ಬಂದು ಗಕ್ಕನೆ ನಿಂತಿತು. ಅಯ್ಯೋ, ಕೆಟ್ಟುಹೋಯಿತೇನೋ ಪಾಪ ಎಂದುಕೊಂಡು ನಾನೂ ನಿಂತೇ ಇದ್ದೆ. ಹಿಂದೆ ಕಾರು, ಲಾರಿ, ಸ್ಕೂಟರು ಸಾಲುಗಟ್ಟಿದವು. ಅವರು ಹೋಗಲಿ ಎಂದು ನಾನು, ನಾನು ಹೋಗಲಿ ಎಂದು ಅವರು. ಕೊನೆಗೆ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಜ್ಜೀ, ನೀವು ದಾಟೋವರೆಗೂ ನಾನು ಹೋಗೋ ಹಾಗಿಲ್ಲ, ಪುಣ್ಯ ಕಟ್ಕೊಳ್ಳಿ!" ಅಂದ. ನಾಚಿಕೆಯಿಂದ ಕುಗ್ಗಿಹೋದೆ, ಆದರೂ ದಾಟಿದೆ. ಮೂರು ವರ್ಷದಲ್ಲಿ ಮೊದಲ ಸಲ, ಒಬ್ಬಳೇ.

ಈಗ ದಿನವೂ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಕಾಲುದಾರಿ ಹೊಸತೇನಲ್ಲ, ಅಲ್ಲಲ್ಲಿ ಹುಲ್ಲೂ ಬೆಳೆದಿದೆ, ಆದರೆ ಮಟ್ಟಸವಾಗಿದೆ, ಮಧ್ಯೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ಮೂಲೆಯ ಹೊಲಿಗೆ ಅಂಗಡಿಯಲ್ಲಿ ಎರಡು ಗಂಟೆ ಗುಂಡಿ ಹೊಲಿದುಕೊಡುತ್ತೇನೆ, ಸುಮ್ಮನೆ ಖುಷಿಗೆ. ಐದು ನಿಮಿಷ ತಡವಾದರೆ ಅಂಗಡಿಯಾಕೆ "ಎಲ್ಲಿ ಹಾಳಾಗಿ ಹೋಗಿದ್ರೀ?" ಎಂದು ಗದರುತ್ತಾಳೆ. ನನ್ನ ದಾರಿ ಕಾಯುವವರು ಒಬ್ಬರಿದ್ದಾರೆ ಎಂದು ಎಷ್ಟು ಹಿಗ್ಗಾಗುತ್ತದೆ ಗೊತ್ತೇ?

ಪಕ್ಕದ ಮನೆಯ ನರ್ಸಮ್ಮನಿಗೆ ನನ್ನ ನೆನಪು ಹೇಳಿ. ಮಾತ್ರೆ ಊಟಕ್ಕೆ ಮೊದಲು, ಊಟ ಆದ ಮೇಲಲ್ಲ.

ನಿಮ್ಮ ಯೋಚನೆಯಲ್ಲೇ ಇರುವ,
ನಿಮ್ಮ ಮನೆಯವಳು

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ನಾನೇ ಹೋಗಿ ಹಾಕಬೇಕು, ಬೇಗ ಹೇಳಿಬಿಡುತ್ತೇನೆ. ಹದಿನೆಂಟರ ಟಿಕೆಟ್ಟನ್ನು ನಿನ್ನೆ ವಾಪಸು ಕೊಟ್ಟುಬಂದೆ. ಮಗಳನ್ನೂ ಕೇಳಲಿಲ್ಲ. ಕೋಪ ಮಾಡಿಕೊಳ್ಳಿ, ಎರಡು ದಿನ ಮುಖ ಊದಿಸಿಕೊಂಡಿರಿ, ಆಮೇಲೆ ಹೊರಟು ಬನ್ನಿ. ನಿಮ್ಮನ್ನು ಬಿಟ್ಟಿರಲು ನನಗಾಗುವುದಿಲ್ಲ. ಆ ಗೇಟಿನೊಳಗೆ ಕೂರಲೂ ಇನ್ನು ಆಗುವುದಿಲ್ಲ. ಬಸ್ ನಿಲ್ದಾಣಕ್ಕೆ ನಾನೊಬ್ಬಳೇ ಬಂದಿರುತ್ತೇನೆ. ಇಲ್ಲಿಯ ರಸ್ತೆ ನಿಮಗೆ ಹೊಸದು, ಗಾಬರಿಯಾಗಬೇಡಿ, ನನ್ನ ಕೈ ಹಿಡಿದುಕೊಳ್ಳಿ.