ಒಣಹೊಳೆಯಲ್ಲಿ ತೆಗೆದ ಒರತೆ

ಮಸ್ಕತ್, ಒಮಾನ್
24-3-1999

ತಿ. ನರಸೀಪುರದಲ್ಲಿರುವ ನಮ್ಮ ಯಜಮಾನರಿಗೆ ಸಿದ್ದಲಿಂಗಮ್ಮನ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಪಕ್ಕದ ಮನೆ ಗೋವಿಂದಮ್ಮ ತಂದುಕೊಡುವ ಸಾರಿನಲ್ಲಿ ಉಪ್ಪು ಕಮ್ಮಿ ಅಂತ ಮುಖ ಸಿಂಡರಿಸಬೇಡಿ, ನಿಮ್ಮ ಬಿ.ಪಿ.ಗೆ ನಾನೇ ಹಾಗೆ ಹೇಳಿ ಬಂದಿದ್ದೇನೆ. ಶಿವರಂಜನಿ ಕೆನ್ನೆ ತುಂಬಿಕೊಂಡಿದ್ದಾಳೆ. ಮದುವೆಯಾದಾಗಿನಿಂದ ಅವಳ ಗಂಡನನ್ನು ನೀವು ಅಳಿಯ ಎಂದು ಕರೆದವರಲ್ಲ. 'ಆ ಡ್ರೈವರ್ ನನ್ನ ಮಗಳ್ನ ಹೆಂಗೆ ಮಡಗವ್ನೋ ನೋಡ್ಕೊಂಡು ಬಾ' ಅಂತ ಕಳಿಸಿದಿರಿ. ನೋಡಿದೆ. ಈಗ ಪರದೆ ಎತ್ತುತ್ತೇನೆ, ನೆಟ್ಟಗೆ ಕೂತು ಕೇಳಿ!

ಶುಕ್ರವಾರ ಅಳಿಯಂದಿರು ಕಂಪನಿಯ ಜೀಪಿನಲ್ಲಿ ನಮ್ಮನ್ನು ಮರಳುಗಾಡಿನ ಕಮರಿಗಳಿಗೆ ಕರೆದೊಯ್ದರು. ಪ್ರವಾಸಿಗಳನ್ನು ಅಲ್ಲಿ ಸುತ್ತಿಸುವುದೇ ಅವರ ಕೆಲಸ. ರಸ್ತೆಯೆಂಬುದೇ ಇಲ್ಲ ಕಣ್ರೀ! ದಿಬ್ಬ ಏರಿ, ಜಾರಿ, ಜೀಪು ತೊಟ್ಟಿಲಿನಂತೆ ತೂಗಿತು. ನನಗೆ ಎಚ್ಚರವೋ ನಿದ್ದೆಯೋ ತಿಳಿಯಲಿಲ್ಲ. ಆಮೇಲೆ ಎರಡೂ ಕಡೆ ಬಂಡೆ ಎದ್ದು ನಿಂತಿತು. ನಮ್ಮಪ್ಪ ಹಾರ್ಮೋನಿಯಂ ನುಡಿಸುತ್ತಿದ್ದ ನಾಟಕ ಕಂಪನಿಯಲ್ಲಿ ಅರಮನೆಯ ಪರದೆ ಇರಲಿಲ್ಲವೇ, ಅದನ್ನೇ ಆಕಾಶದಿಂದ ಇಳಿಬಿಟ್ಟ ಹಾಗೆ, ಗುಲಾಬಿ, ಕಾವಿ, ಅರಿಸಿನ. 'ಯಾರಲ್ಲಿ!' ಎಂದು ಗರ್ಜಿಸಿದೆ. ಕಮರಿಯ ಉದ್ದಕ್ಕೂ ಸೇವಕರು ಒಬ್ಬರಾದ ಮೇಲೊಬ್ಬರು ಓಗೊಟ್ಟರು.

ತಳದಲ್ಲಿ ಒಣಗಿದ ಹೊಳೆ; ದಾರಿ ಅದರೊಳಗೇ, ಜೀಪೂ ಅಲ್ಲೇ ನಿಂತಿತು. ನುಣ್ಣನೆ ಮರಳು, ತಂಪು ನೆರಳು. ಬೇಸಿಗೆಯಲ್ಲಿ ನಾವು ಸಂಗಮದ ಮರಳಿನ ಮೇಲೆ ಬುತ್ತಿ ಬಿಚ್ಚುತ್ತೇವಲ್ಲ, ಹಾಗೇ ಕೂತೆ. 'ಬ್ಯಾಡಿ ಅತ್ತೆ, ಇಲ್ಲಿ ಹೊಳೆ ಒಳಗೆ ಕೂರಬಾರದು, ಮ್ಯಾಲಕ್ಕೆ ಬನ್ನಿ' ಎಂದರು ಅಳಿಯಂದಿರು. ಮಗಳು ಹತ್ತಿ ಹೋದಳು. ನಾನು? 'ಕಾವೇರಿ ಕಪಿಲೆ ಎರಡೂ ಕೂಡೋ ಊರೋಳಿಗೆ ಹೊಳೆ ಪಾಠ ಹೇಳ್ತೀರಾ?' ಎಂದು ಒರತೆ ತೆಗೆಯಲು ಮರಳು ಬಗೆದೆ. ತಣ್ಣಗೆ ನೀರು ಜಿನುಗಿತು. ನೋಡುನೋಡುತ್ತ ಗುಂಡಿ ತುಂಬಿತು, ತುಳುಕಿತು. 'ಗಂಗೆ ಬಂದಳು!' ಎಂದು ಕೂಗಿದೆ. ಮೇಲೆ ತುಂಡು ಮೋಡವಿಲ್ಲ. ಎಲ್ಲೋ ಪರದೆಯ ಹಿಂದೆ ಮೃದಂಗ ನುಡಿದಂತಿತ್ತು, ಆಲಿಸುತ್ತ ಮೈಮರೆತೆ.

ದೂರದ ಬೆಟ್ಟದಲ್ಲಿ ಮಳೆಯಾಗಿ ಪ್ರವಾಹ ಬರುತ್ತಿತ್ತು ಕಣ್ರೀ! ಅಳಿಯಂದಿರ ಕೈ ಆಗಲೇ ಜೀಪಿನ ಬಾಗಿಲ ಮೇಲಿತ್ತು. ಹತ್ತಿದ್ದರೆ ಜೀಪು ಉಳಿಯುತ್ತಿತ್ತು. ಬಾಗಿಲು ಬಿಟ್ಟು ನನ್ನ ಕಡೆ ಓಡಿಬಂದು ಬೆನ್ನು ಬಗ್ಗಿಸಿದರು. 'ಹತ್ತಿ ಅತ್ತೆ, ಡೈಲಾಗು ಆಮ್ಯಾಕೆ!' ನನ್ನ ಈ ಭಾರದ ಮೈಯನ್ನು ಹೊತ್ತು ಬಂಡೆ ಏರಿದರು. ಕೆಳಗೆ ಕಂದು ನೀರು ಗೋಡೆಯಂತೆ ಬಂತು. ಜೀಪು, ಕೊನೆಯ ಅಂಕದ ರಾಜನಂತೆ, ಗಂಭೀರವಾಗಿ ಒಂದು ಸುತ್ತು ತಿರುಗಿ, ಒರಗಿ, ಹೊರಟೇಹೋಯಿತು. ಅಷ್ಟು ಚೆಂದದ ಸಾವನ್ನು ಯಾವ ರಂಗದ ಮೇಲೂ ನಾನು ಕಂಡಿಲ್ಲ. ನೀರು ಇಳಿಯುವವರೆಗೂ ಅವರು ನನ್ನ ಕೈ ಬಿಡಲಿಲ್ಲ.

ಮಾತ್ರೆ ಮರೆಯಬೇಡಿ. ಗೋವಿಂದಮ್ಮನನ್ನು ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ
ಸಿದ್ದಲಿಂಗಮ್ಮ

ವಿ.ಸೂ.: ಜೀಪು ಹೋಯಿತೆಂದು ಕಂಪನಿಯವರು ಅಳಿಯಂದಿರನ್ನು ಕೆಲಸದಿಂದ ತೆಗೆದರು. ಅತ್ತೆಯ ತಪ್ಪು ಅಂತ ಅವರು ಅಲ್ಲಿ ಬಾಯಿ ಬಿಡಲಿಲ್ಲ. ಏಪ್ರಿಲ್ ಹನ್ನೆರಡರ ಸಂಜೆ ಮೂವರೂ ಮೈಸೂರು ಬಸ್ಸಿಗೆ ಬಂದಿಳಿಯುತ್ತೇವೆ. ಮಂಡಿ ನೋವಿದ್ದರೂ ಬಸ್ ಸ್ಟ್ಯಾಂಡಿಗೆ ನೀವೇ ಬನ್ನಿ. ಮಗಳನ್ನು ಆಮೇಲೆ ಮಾತಾಡಿಸಿ; ಮೊದಲು ಅವರ ಕೈಯ ಪೆಟ್ಟಿಗೆ ಇಸಕೊಂಡು 'ಬನ್ನಿ ಅಳಿಯಂದಿರೇ' ಅನ್ನಿ. ಎರಡೇ ಮಾತಿನ ಪಾತ್ರ, ಅಭ್ಯಾಸ ಮಾಡಿಕೊಂಡಿರಿ. ನೀವು ಕಾಣದಿದ್ದರೆ ನಾನೂ ಅವರ ಜೊತೆ ಅವರೂರಾದ ಹದಿನಾರಿಗೆ, ಅವರಮ್ಮನ ಮನೆಗೆ ಹೊರಟುಬಿಡುತ್ತೇನೆ.