ಪಕ್ಕದ ಸೀಟಿನ ಬ್ರೇಕ್

ಈಜುಕೊಳದ ಕಚೇರಿ,
ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲಾದರೂ ಮೂರನೇ ಮಹಡಿಗೆ ತಾವೇ ಹಾಲು ತರುತ್ತಾರೋ, ಇಲ್ಲ ಅದೂ ನಿನ್ನ ಪಾಲಿಗೇ ಇದೆಯೋ? ನಾನು ಆರಾಮಾಗಿದ್ದೇನೆ ಎಂದರೆ ನೀನು ನಂಬುವವಳಲ್ಲ, ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಮಂಗಳವಾರದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಇನ್ನೊಂದು ಗಂಟೆಗೆ ನನ್ನ ಎರಡನೇ ಪರೀಕ್ಷೆ. ಇದರಲ್ಲೂ ಬಿದ್ದರೆ ಹೊಸಬರಿಗೆ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು, ಕಲಿಸುವ ಆಸೆಗೆ ಎಳ್ಳುನೀರು ಬಿಡಬೇಕು.

ಹನ್ನೆರಡು ವರ್ಷ ಕಾರು ಕಲಿಸಿದವನಿಗೆ ನೀರಿನಡಿ ಕಲಿಸುವುದೇನು ಮಹಾ ಎಂದು ಜಂಬದಿಂದ ಹೊರಟವನು ನಾನು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ಕಲಿಯುವವರು ಎಡವಿದರೆ ಒತ್ತಿಬಿಟ್ಟರೆ ಮುಗಿಯಿತು, ಕಾರು ನಿಲ್ಲುತ್ತಿತ್ತು, ಎಲ್ಲರೂ ಬದುಕುತ್ತಿದ್ದರು. ನಿನ್ನ ಜೊತೆ ಬಸ್ಸಿನಲ್ಲಿ ಕೂತರೂ ಕಾಲು ನೆಲ ಒತ್ತುತ್ತಿತ್ತಲ್ಲ, ನೀನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ಮಂಗಳವಾರ ಆ ಅಭ್ಯಾಸವೇ ನನ್ನ ಮಾನ ಕಳೆಯಿತು.

ಅಂದು ಮೊದಲ ಪರೀಕ್ಷೆಯಲ್ಲಿ ಶಿಷ್ಯನಾಗಿ ನನ್ನ ಪಾಲಿಗೆ ಬಂದವನು ಒಬ್ಬ ಕ್ಷೌರಿಕ, ನಗುಮುಖದ ಮನುಷ್ಯ. ಕೊಳದ ಆಳದ ತುದಿಯಲ್ಲಿ ಇಬ್ಬರೂ ಮಂಡಿಯೂರಿ ಕೂತಿದ್ದೆವು. ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ಸ್ವಲ್ಪ ನೀರು ಬಿಟ್ಟುಕೊಂಡು, ಮೂಗಿನಿಂದ ಊದಿ ಹೊರಹಾಕುವುದು ಪಾಠ. ಅವನು ಊದುವ ಬದಲು ಎಳೆದುಕೊಂಡ. ಕೆಮ್ಮಿದ, ಕಣ್ಣು ದೊಡ್ಡದಾಯಿತು, ಬಾಯಿ ಬಿಗಿದು ನೆಲ ಒದ್ದ. ಕೇಳಿದರೆ ನಗುತ್ತೀಯ, ನನ್ನ ಬಲಗಾಲು ಮೊದಲು ಇಲ್ಲದ ಬ್ರೇಕ್ ಒತ್ತಿತು. ಆಮೇಲೆ ಅವನ ಜಾಕೆಟ್ ಹಿಡಿದು ಒಂದೇ ಎಳೆತಕ್ಕೆ ಮೇಲೆ ತಂದೆ. ಅದೇ ಮಾಡಬಾರದಿತ್ತು. ಉಸಿರು ಕಟ್ಟಿಕೊಂಡವನನ್ನು ಮೇಲೆ ತಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ದಡದಲ್ಲಿ ಅವನು ಉಗುಳಿದಾಗ ರಕ್ತ ಕಂಡಿತು. ಆಸ್ಪತ್ರೆಯಲ್ಲಿ ಎರಡು ಗಂಟೆ ಗೋಡೆ ನೋಡುತ್ತಾ ಕೂತೆ. ಕೊನೆಗೆ ಅದು ಮೂಗಿನ ರಕ್ತ, ಎದೆಗೆ ಏನೂ ಆಗಿಲ್ಲ ಎಂದರು. ಪುಣ್ಯಾತ್ಮ ನನ್ನನ್ನೇ ಸಮಾಧಾನ ಮಾಡಿ ಮನೆಗೆ ಹೋದ.

ಪರೀಕ್ಷಕಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗಾಬರಿಯಾದವರನ್ನು ಅಲ್ಲೇ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಅವರು ಉಸಿರು ಬಿಟ್ಟು ಬಾಯಿಂದ ಗುಳ್ಳೆ ಬರುವವರೆಗೆ ಕಾಯಬೇಕು, ಆಮೇಲಷ್ಟೇ ನಿಧಾನಕ್ಕೆ ಮೇಲೆ ತರಬೇಕು ಎಂದು ಇನ್ನೊಮ್ಮೆ ವಿವರಿಸಿದರು. ಮತ್ತೆ ಅಪರಿಚಿತರ ಜೊತೆ ಪರೀಕ್ಷೆ ಮಾಡಿದರೆ ಈ ಸಲ ನನ್ನ ಕೈ ಎಳೆಯದೆ ಸುಮ್ಮನಿರಬಹುದು, ಅಷ್ಟನ್ನೇ ನಂಬುವುದಿಲ್ಲ ಎಂದರು. "ಯಾರಿಗೆ ಕಷ್ಟ ಆದ್ರೆ ನಿಮಗೆ ನೋಡೋಕಾಗಲ್ವೋ, ಅವ್ರನ್ನೇ ಕರ್ಕೊಂಡು ಬನ್ನಿ" ಎಂದರು. ಅಂಥವರೊಬ್ಬರು ಕೇಳಿದ ಕೂಡಲೇ ಒಪ್ಪಿದರು. ಒಪ್ಪದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತಿದೆ. ನನಗೆ ಹೆದರಿಕೆಯಾಗಿದೆ ಅಕ್ಕಾ, ನಿನ್ನ ಬಳಿ ಮುಚ್ಚಿಡುವುದೇನು.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು, ಅಳುವಷ್ಟಲ್ಲ. ನನಗೊಂದು ಆಶೀರ್ವಾದ ಇರಲಿ.

ನಿನ್ನ ತಮ್ಮ

ತಾ.ಕ.: ಹೇಳಬೇಕಾದದ್ದನ್ನೇ ಹೇಳಿಲ್ಲ, ಕೈ ಬರಲಿಲ್ಲ. ಆ ಒಬ್ಬರು ಅಮ್ಮ. ಸ್ಟೂಲ್ ಹತ್ತಿದರೂ ನಿನ್ನಿಂದ ಬೈಸಿಕೊಳ್ಳುವ ನಮ್ಮ ಅಮ್ಮ. ಡಾಕ್ಟರು ತಪಾಸಣೆ ಮಾಡಿ ಅಡ್ಡಿಯಿಲ್ಲ ಎಂದಿದ್ದಾರೆ. ಬುಧವಾರದಿಂದ ಮೂರು ದಿನ ಕಡಿಮೆ ಆಳದಲ್ಲಿ ಕಲಿಸಿದ್ದೇನೆ, ಆದರೂ ಮಾಸ್ಕಿಗೆ ನೀರು ಬಂದರೆ ಗಾಬರಿಯಾಗುತ್ತಾಳೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಆಗುವುದು ಆಗಿರುತ್ತದೆ. ಮಂಗಳವಾರ ನಡೆದದ್ದನ್ನೂ, ರಕ್ತ ಕಂಡದ್ದನ್ನೂ ಅವಳಿಗೆ ಬಿಡದೆ ಹೇಳಿದೆ, ಆಗಲಾದರೂ ಬೇಡ ಅನ್ನಲಿ ಎಂದು. ಟವೆಲ್ ಮಡಿಸುತ್ತಾ ಕೇಳಿಸಿಕೊಂಡು ಇಷ್ಟೇ ಅಂದಳು: "ನಾನು ಎಷ್ಟೇ ಒದ್ದಾಡಿದ್ರೂ ಬಿಡಬೇಡ. ಚಿಕ್ಕೋನಿದ್ದಾಗ ನಿನಗೆ ಔಷಧಿ ಕುಡಿಸುವಾಗ ನಾನು ಬಿಟ್ಟಿದ್ನಾ?"